ಎಳೆಗೂಸಿನ ಮಿದುಳಿಗೆ ಬರುವ ಕೇಡು: ಅರಿತಿದ್ದರೆ ತಗ್ಗಿಸಬಹುದು



ಅಗೆಗದ್ದೆಗೆ ಬಿತ್ತಿದ ಬೀಜ ಮೊಳೆತು ಬರುವ ಮೊದಲ ದಿನಗಳಲ್ಲಿ ನೀವು ಅದನ್ನು ಎಷ್ಟು ಜೋಪಾನ ಮಾಡುತ್ತೀರಿ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ನೀರು ನಿಂತರೆ ಕೊಳೆಯುವುದು, ಒಣಗಿದರೆ ಸಾಯುವುದು. ಬೆಳೆದ ಪೈರು ತಾಳಿಕೊಳ್ಳುವ ರೋಗವನ್ನು ಎಳೆಯ ಅಗೆ ತಾಳಲಾರದು. ನಮ್ಮ ಮನೆಯ ಕೂಸುಗಳ ವಿಷಯವೂ ಹೀಗೆಯೇ. ಹುಟ್ಟಿದ ಮೊದಲ 28 ದಿನಗಳು ಬಹು ನಾಜೂಕಿನ ಕಾಲ. ಆ ದಿನಗಳಲ್ಲಿ ಬರುವ ಒಂದು ಕಾಯಿಲೆ ಜೀವಕ್ಕೆ ಎರವಾಗಬಲ್ಲದು. ಜೀವ ಉಳಿದರೂ ಮಿದುಳಿಗೆ ಊನ ಮಾಡಿ ಹೋಗಬಲ್ಲದು. ಆ ಕಾಯಿಲೆಯ ಬಗ್ಗೆ ಈ ತಿಂಗಳ ಪಾಠ.

ನಾನು ಓದಿದ್ದು ಕೃಷಿ ಡಿಪ್ಲೊಮಾ, ನಾನು ವೈದ್ಯನಲ್ಲ. ಯಾವ ಔಷಧ, ಎಷ್ಟು ಎಂದು ಹೇಳುವುದು ವೈದ್ಯರ ಕೆಲಸ. ಆದರೆ ವೈದ್ಯರ ಬಳಿಗೆ ಯಾವಾಗ ಓಡಬೇಕು ಎಂದು ತಿಳಿಯುವುದು ಮನೆಯವರ ಕೆಲಸ. ಈ ಕಾಯಿಲೆಯಲ್ಲಿ ಅರ್ಧ ದಿನದ ತಡವೂ ದೊಡ್ಡ ತಡವೇ. ಆದುದರಿಂದ ಇದನ್ನು ಓದಿ, ಓದು ಬಾರದ ಹಿರಿಯರಿಗೂ ಓದಿ ಹೇಳಿರಿ.

ಇದು ಯಾವ ರೋಗ?

ನಮ್ಮ ಮಿದುಳನ್ನೂ ಬೆನ್ನುಹುರಿಯನ್ನೂ ತೆಳುವಾದ ಮೂರು ಪೊರೆಗಳು ಸುತ್ತಿಕೊಂಡಿವೆ. ಪೊರೆಗಳ ನಡುವೆ ತಿಳಿನೀರಿನಂಥ ದ್ರವ ಹರಿಯುತ್ತಿರುತ್ತದೆ. ಕಣ್ಣಿಗೆ ಕಾಣದ ರೋಗಾಣುಗಳು, ಅಂದರೆ ಬ್ಯಾಕ್ಟೀರಿಯಗಳು, ಶಿಶುವಿನ ರಕ್ತ ಸೇರಿ ಅಲ್ಲಿಂದ ಈ ಪೊರೆಗಳಿಗೆ ಇಳಿದರೆ ಪೊರೆ ಬಾತು, ತಿಳಿಯಾದ ದ್ರವ ಕೀವಿನಂತಾಗುವುದು. ಇದಕ್ಕೆ ಮಿದುಳು ಪೊರೆಯ ಉರಿಯೂತ ಎಂದು ಹೆಸರು. ಡಾಕ್ಟರರು ಮೆನಿಂಜೈಟಿಸ್ ಎನ್ನುತ್ತಾರೆ.

ಹೆಸರು ಕೇಳಿ ಗೊಂದಲ ಬೇಡ. ಗದ್ದೆಯ ನೀರಿನಲ್ಲಿ ಹುಟ್ಟುವ ಸೊಳ್ಳೆಯಿಂದ ಬರುವ ಮಿದುಳು ಜ್ವರ ಬೇರೆ. ಕಾಡಿನ ಉಣ್ಣಿಯಿಂದ ಬರುವ ಮಂಗನ ಕಾಯಿಲೆ ಬೇರೆ. ಅವೆರಡೂ ವೈರಸ್ಸಿನಿಂದ ಬರುವ ಕಾಯಿಲೆಗಳು. ನಾವು ಹೇಳುತ್ತಿರುವುದು ಬ್ಯಾಕ್ಟೀರಿಯದಿಂದ ಬರುವುದು, ಇದಕ್ಕೆ ಔಷಧವುಂಟು. ಬೇಗ ಕೊಟ್ಟರೆ ಫಲಿಸುವುದು, ತಡವಾದರೆ ಸೋಲುವುದು.

ನಮ್ಮ ದೇಶದ ಎಳೆಗೂಸುಗಳಲ್ಲಿ ರಕ್ತದ ನಂಜಿಗೂ ಈ ರೋಗಕ್ಕೂ ಕ್ಲೆಬ್ಸಿಯೆಲ್ಲ, ಈ-ಕೊಲೈ, ಅಸಿನೆಟೊಬ್ಯಾಕ್ಟರ್ ಎಂಬ ರೋಗಾಣುಗಳು ಹೆಚ್ಚಾಗಿ ಕಾರಣ. ಈ-ಕೊಲೈ ಮನುಷ್ಯರ ಮತ್ತು ದನಗಳ ಕರುಳಿನಲ್ಲಿ ವಾಸಿಸುವಂಥದು. ಹಟ್ಟಿಯ ಕೆಲಸ ಮಾಡಿದ ಕೈಯನ್ನು ಸಾಬೂನಿನಲ್ಲಿ ತೊಳೆಯದೆ ಕೂಸನ್ನು ಮುಟ್ಟಬಾರದು ಎನ್ನುವುದು ಇದಕ್ಕಾಗಿಯೇ.

ಯಾವ ಶಿಶುವಿಗೆ ರೋಗ ತಗಲುವ ಸಂಭವ ಹೆಚ್ಚು?

1. ತಿಂಗಳು ತುಂಬುವ ಮೊದಲೇ, ಅಂದರೆ 37 ವಾರಕ್ಕೆ ಮುಂಚೆ ಹುಟ್ಟಿದ ಶಿಶು. ರೋಗ ತಡೆಯುವ ಶಕ್ತಿಯು ತಾಯಿಯ ರಕ್ತದಿಂದ ಶಿಶುವಿಗೆ ಹರಿದು ಬರುವುದು ಬಹುಮಟ್ಟಿಗೆ ಬಸುರಿನ ಕೊನೆಯ ಮೂರು ತಿಂಗಳಲ್ಲಿ. ಬೇಗ ಹುಟ್ಟಿದ ಕೂಸು ಆ ಬುತ್ತಿಯನ್ನು ಪಡೆಯದೆಯೇ ಹೊರಟು ಬಂದಂತೆ.

2. ತೂಕ ಕಡಿಮೆಯ ಶಿಶು. ಎರಡೂವರೆ ಕಿಲೋಗ್ರಾಮಿಗಿಂತ ಕಡಿಮೆಯಿದ್ದರೆ ಎಚ್ಚರ ಬೇಕು. ತೂಕ ಇಳಿದಷ್ಟೂ ಅಪಾಯ ಏರುವುದು.

3. ನೆತ್ತಿನೀರು ಒಡೆದು 18 ಗಂಟೆ ಕಳೆದರೂ ಹೆರಿಗೆಯಾಗದಿದ್ದರೆ, ಆ ನೀರು ವಾಸನೆ ಬಂದರೆ, ಹೆರಿಗೆಯ ಹೊತ್ತಿಗೆ ತಾಯಿಗೆ ಜ್ವರವಿದ್ದರೆ, ಅಥವಾ ತಾಯಿಗೆ ಉರಿಮೂತ್ರದ ಸೋಂಕು ಇದ್ದು ಚಿಕಿತ್ಸೆಯಾಗದಿದ್ದರೆ.

4. ಹೊಕ್ಕುಳಬಳ್ಳಿಯನ್ನು ಶುದ್ಧವಲ್ಲದ ಕತ್ತಿ, ಬ್ಲೇಡಿನಿಂದ ಕತ್ತರಿಸಿದರೆ, ಅದಕ್ಕೆ ಬೂದಿ, ಸೆಗಣಿ, ಎಣ್ಣೆ, ಅರಿಶಿನ ಹಚ್ಚಿದರೆ.

5. ಎದೆಹಾಲಿನ ಬದಲು ಬಾಟಲಿ ಹಾಲು, ಸಕ್ಕರೆ ನೀರು, ಜೇನು, ತೇಯ್ದ ಬಜೆ ಮುಂತಾದುವನ್ನು ಕೊಟ್ಟರೆ.

ಮಿದುಳಿಗೆ ಕೇಡಾಗುವುದು ಹೇಗೆ?

ಇದನ್ನು ತೋಟದ ದೃಷ್ಟಾಂತದಿಂದ ತಿಳಿಯೋಣ. ಅಡಿಕೆ ತೋಟದ ನಡುವಿನ ತೋಡಿನಲ್ಲಿ ಕೆಸರೂ ಕಸವೂ ಕಟ್ಟಿಕೊಂಡರೆ ಏನಾಗುವುದು? ಮೇಲಿನ ಭಾಗದಲ್ಲಿ ನೀರು ನಿಂತು ಬುಡ ಕೊಳೆಯುವುದು. ಕೆಳಗಿನ ಭಾಗಕ್ಕೆ ನೀರು ಮುಟ್ಟದೆ ಗಿಡ ಒಣಗುವುದು. ಒಂದೇ ತಡೆಯಿಂದ ಎರಡು ಬಗೆಯ ನಷ್ಟ.

ಮಿದುಳಿನಲ್ಲಿಯೂ ಹಾಗೆಯೇ. ಕೀವಿನಿಂದ ದ್ರವದ ದಾರಿ ಕಟ್ಟಿದರೆ ದ್ರವ ಒಳಗೆ ಶೇಖರವಾಗಿ ತಲೆ ದೊಡ್ಡದಾಗುತ್ತ ಹೋಗುವುದು. ಮಿದುಳು ಒಳಗಿನಿಂದ ಒತ್ತಲ್ಪಡುವುದು. ಉರಿಯೂತದಿಂದ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದರೆ ಅವು ಪೋಷಿಸುತ್ತಿದ್ದ ಮಿದುಳಿನ ಭಾಗ ಆಹಾರವಿಲ್ಲದೆ ಸಾಯುವುದು. ಇವೆರಡರ ಜೊತೆಗೆ ಮಿದುಳು ಬಾತುಕೊಳ್ಳುವುದು, ಕೀವುಗಡ್ಡೆ ಕಟ್ಟುವುದು, ಕಿವಿಯ ಒಳನರ ಕೆಡುವುದು ಇವೂ ಉಂಟು. ಸತ್ತ ಮಿದುಳಿನ ಭಾಗ ಮತ್ತೆ ಚಿಗುರುವುದಿಲ್ಲ. ಇದರ ಫಲವೇ ಮುಂದೆ ಕಾಣುವ ಅಪಸ್ಮಾರ, ಕೈಕಾಲು ಬಿಗಿಯುವಿಕೆ, ಕಿವುಡು, ದೃಷ್ಟಿದೋಷ, ಬುದ್ಧಿಯ ಬೆಳವಣಿಗೆ ಕುಂಠಿತವಾಗುವುದು.

ಚಿಕಿತ್ಸೆ ಪಡೆದು ಬದುಕಿದ ಶಿಶುಗಳಲ್ಲಿಯೂ ಐದರಲ್ಲಿ ಒಂದಕ್ಕಾದರೂ ಇಂಥ ಯಾವುದಾದರೊಂದು ಊನ ಉಳಿಯುವುದುಂಟು. ಕೆಲವು ಕಡೆಗಳಲ್ಲಿ ಅರ್ಧದಷ್ಟು ಶಿಶುಗಳಿಗೆ. ಹಾಗಾದರೆ ಕೆಲವು ಕೂಸುಗಳು ಪೂರ್ಣ ಗುಣವಾಗಿ ಶಾಲೆಗೆ ಹೋಗುವುದೂ, ಕೆಲವು ಊನದೊಡನೆ ಬದುಕುವುದೂ ಏಕೆ?

ಯಾರ ಮಿದುಳಿಗೆ ಹೆಚ್ಚಿನ ಅಪಾಯ?

ವೈದ್ಯರು ಇದನ್ನು ಹಲವು ವರ್ಷಗಳಿಂದ ಅಭ್ಯಾಸ ಮಾಡಿದ್ದಾರೆ. ಕೆನಡಾ ದೇಶದ ಟೊರಾಂಟೊ ನಗರದ ಮಕ್ಕಳ ಆಸ್ಪತ್ರೆಯ ವೈದ್ಯರು ಈ ರೋಗ ಬಂದಿದ್ದ 101 ಶಿಶುಗಳ ದಾಖಲೆಗಳನ್ನು ಪರಿಶೀಲಿಸಿ 2000ದಲ್ಲಿ ತಮ್ಮ ವರದಿ ಪ್ರಕಟಿಸಿದರು. ನಾಲ್ಕು ಸಂಗತಿಗಳಿದ್ದಲ್ಲಿ ಫಲ ಕೆಡುವುದು ಹೆಚ್ಚೆಂದು ಅವರಿಗೆ ಕಂಡಿತು: ಸೆಳೆವು ಬರುವುದು, ಪ್ರಜ್ಞೆ ತಪ್ಪುವುದು, ರಕ್ತದ ಒತ್ತಡ ಕುಸಿದು ಅದನ್ನು ಎತ್ತಲು ಔಷಧ ಬೇಕಾಗುವುದು, ರಕ್ತದ ಬಿಳಿಕಣಗಳು ತೀರ ಕಡಿಮೆಯಾಗುವುದು. ಸೆಳೆವು ಮೂರು ದಿನಗಳಿಗಿಂತ ಹೆಚ್ಚು ಕಾಲ ನಿಲ್ಲದೆ ಬರುತ್ತಿದ್ದರೆ ಅದು ಇನ್ನೂ ಕೆಟ್ಟ ಲಕ್ಷಣ.

ಇವುಗಳೊಡನೆ ವೈದ್ಯರು ಗಮನಿಸುವ ಬೇರೆ ಸಂಗತಿಗಳೂ ಇವೆ:

- ದಿನ ತುಂಬದೆ ಹುಟ್ಟಿದ್ದು, ತೂಕ ಕಡಿಮೆ ಇರುವುದು. ರೋಗ ತಗಲಲು ಇದು ಕಾರಣ; ರೋಗ ಬಂದ ಮೇಲೆ ಕೇಡು ಹೆಚ್ಚಲೂ ಇದೇ ಕಾರಣ.
- ಬೆನ್ನಿನ ದ್ರವದಲ್ಲಿ ಪ್ರೊಟೀನ್ ಅಂಶ ಬಹಳ ಏರಿರುವುದು, ಸಕ್ಕರೆಯ ಅಂಶ ಬಹಳ ಇಳಿದಿರುವುದು.
- ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕುಸಿದಿರುವುದು.
- ಔಷಧ ಕೊಟ್ಟ ಮೇಲೂ ದ್ರವದಲ್ಲಿ ರೋಗಾಣು ಸಾಯದೆ ಉಳಿಯುವುದು.
- ಮಿದುಳಿನಲ್ಲಿ ನೀರು ತುಂಬುವುದು ಅಥವಾ ಕೀವುಗಡ್ಡೆ ಕಟ್ಟುವುದು.
- ಚಿಕಿತ್ಸೆ ತಡವಾಗಿ ಆರಂಭವಾಗುವುದು.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿರಿ. ಇದರಲ್ಲಿ ಹೆಚ್ಚಿನವು ನಿಮ್ಮ ಕೈಯಲ್ಲಿಲ್ಲ. ಅವು ವೈದ್ಯರೂ ಪ್ರಯೋಗಾಲಯದವರೂ ನೋಡಿಕೊಳ್ಳುವಂಥವು. ಆದರೆ ಕೊನೆಯದೊಂದು ಪೂರ್ತಿಯಾಗಿ ನಮ್ಮ ನಿಮ್ಮ ಕೈಯಲ್ಲಿದೆ. ಅದು ತಡವನ್ನು ತಪ್ಪಿಸುವುದು. ಅದೊಂದು ಸರಿಯಾದರೆ ಮೇಲಿನವುಗಳಲ್ಲಿ ಎಷ್ಟೋ ಹುಟ್ಟುವುದೇ ಇಲ್ಲ. ಕೊಳೆರೋಗ ಬಂದು ಕಾಯಿ ಉದುರಿದ ಮೇಲೆ ಬೋರ್ಡೊ ದ್ರಾವಣ ಸಿಂಪಡಿಸಿದರೆ ಉದುರಿದ ಕಾಯಿ ಮರಕ್ಕೆ ಏರುವುದೇ? ಹೊತ್ತು ಮೀರಿದರೆ ಒಳ್ಳೆಯ ಔಷಧವೂ ಅರ್ಧ ಫಲವನ್ನೇ ಕೊಡುವುದು.

ಮನೆಯಲ್ಲಿ ನೋಡಬೇಕಾದ ಚಿಹ್ನೆಗಳು

ದೊಡ್ಡವರಿಗೆ ಈ ರೋಗ ಬಂದರೆ ತಲೆನೋವು, ಕುತ್ತಿಗೆ ಬಿಗಿತ ಕಾಣುವುದು. ಎಳೆಗೂಸಿನಲ್ಲಿ ಕುತ್ತಿಗೆ ಬಿಗಿಯುವುದು ಅಪರೂಪ. ತಲೆನೋವೆಂದು ಹೇಳಲು ಅದಕ್ಕೆ ಬಾಯಿಲ್ಲ. ಜ್ವರವೂ ಬಾರದೆ ಮೈ ತಣ್ಣಗಾಗಬಹುದು. ಆದುದರಿಂದ ಕೆಳಗಿನವನ್ನು ನೋಡಿರಿ:

1. ಚೆನ್ನಾಗಿ ಹಾಲು ಚೀಪುತ್ತಿದ್ದ ಕೂಸು ಚೀಪುವುದನ್ನು ಬಿಟ್ಟಿದೆ.
2. ಎಬ್ಬಿಸಿದರೂ ಏಳದೆ ಮಲಗಿಯೇ ಇರುತ್ತದೆ. ಮುಟ್ಟಿದರೆ ಮಾತ್ರ ಅಲುಗುತ್ತದೆ.
3. ಮೈ ಬಿಸಿಯಾಗಿದೆ, ಅಥವಾ ಹೊಟ್ಟೆಯೂ ಪಾದವೂ ತಣ್ಣಗಾಗಿವೆ.
4. ಒಂದು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುತ್ತದೆ. ಉಸಿರೆಳೆವಾಗ ಎದೆಯ ಕೆಳಭಾಗ ಒಳಕ್ಕೆ ಸೇದುತ್ತದೆ. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿರಿ.
5. ಸೆಳೆವು. ಎಳೆಗೂಸಿನ ಸೆಳೆವು ದೊಡ್ಡವರಂತೆ ಮೈಯೆಲ್ಲ ನಡುಗಿಸುವುದೆಂದು ತಿಳಿಯಬೇಡಿ. ಕಣ್ಣು ಒಂದೇ ಕಡೆ ನಿಲ್ಲುವುದು, ರೆಪ್ಪೆ ಬಡಿಯುತ್ತಿರುವುದು, ಸುಮ್ಮನೆ ಬಾಯಿ ಚಪ್ಪರಿಸುವುದು, ಒಂದು ಕೈ ಅಥವಾ ಕಾಲು ಎಳೆದಂತೆ ಅದುರುವುದು, ಸೈಕಲ್ ತುಳಿದಂತೆ ಕಾಲಾಡಿಸುವುದು ಇವೂ ಸೆಳೆವಾಗಿರಬಹುದು.
6. ನೆತ್ತಿಯ ಮೆತ್ತನೆಯ ಜಾಗ, ಕೂಸು ಅಳದೆ ಇರುವಾಗಲೂ ಉಬ್ಬಿಕೊಂಡಿದೆ.
7. ಕೀರಲು ಧ್ವನಿಯಲ್ಲಿ ನಿಲ್ಲದ ಅಳು; ಎತ್ತಿಕೊಂಡರೆ ಅಳು ಇನ್ನೂ ಹೆಚ್ಚುತ್ತದೆ.

ಇವುಗಳಲ್ಲಿ ಒಂದು ಕಂಡರೂ ಸಾಕು, ಎರಡನೆಯದಕ್ಕೆ ಕಾಯಬಾರದು. ಈ ಚಿಹ್ನೆಗಳಿರುವ ಎಲ್ಲ ಕೂಸಿಗೂ ಮಿದುಳು ಪೊರೆಯ ರೋಗವೇ ಇರುತ್ತದೆಂದಲ್ಲ. ಬೇರೆ ಕಾಯಿಲೆಯಾಗಿದ್ದರೂ ಅದಕ್ಕೂ ಆಸ್ಪತ್ರೆಯೇ ಬೇಕು.

ಇಲ್ಲಿ ಒಂದು ಮಾತು ಅಜ್ಜಿಯರಿಗೆ ಹೇಳಬೇಕು. "ಪಾಪದ್ ಶಿಶು, ಮರ್ಕುದೇ ಇಲ್ಲ" ಎಂದು ನಮ್ಮ ಕಡೆ ಸಂತೋಷದಿಂದ ಹೇಳುವುದುಂಟು. ಹಾಲು ಕುಡಿದು, ಮೂತ್ರ ಮಾಡಿ, ಸುಖವಾಗಿ ಮಲಗಿದ ಕೂಸು ಪಾಪದ್ದೇ ಸರಿ. ಆದರೆ ಹಾಲನ್ನೂ ಕುಡಿಯದೆ, ಹಸಿದರೂ ಅಳದೆ ಇರುವ ಕೂಸು ಪಾಪದ್ದಲ್ಲ, ಕಾಯಿಲೆಯದು. ಅಜ್ಜಿಯರೆ, ಮನೆಯಲ್ಲಿ ನಿಮ್ಮ ಮಾತಿಗೆ ಬೆಲೆಯುಂಟು. ಬಾಣಂತಿ ಹೆದರಿ ಬಾಯಿ ಬಿಡದಿದ್ದರೂ "ಈಗಲೇ ಹೊರಡಿ" ಎಂದು ಹೇಳುವವರು ನೀವಾಗಬೇಕು.

ಹೊರಡುವಾಗ

108ಕ್ಕೆ ಫೋನ್ ಮಾಡಿರಿ. ನಮ್ಮ ರಾಜ್ಯದಲ್ಲಿ ಈ ಸೇವೆ 2008ರಿಂದ ನಡೆದಿದೆ, ಹಣ ಕೊಡಬೇಕಾಗಿಲ್ಲ. ನಮಗೆ ಕುಂದಾಪುರದ ಸರಕಾರಿ ತಾಲೂಕು ಆಸ್ಪತ್ರೆಯುಂಟು. ಎಳೆಗೂಸುಗಳ ವಿಶೇಷ ಚಿಕಿತ್ಸೆ ಉಡುಪಿ, ಮಣಿಪಾಲಗಳಲ್ಲಿದೆ. ದಾರಿಯುದ್ದಕ್ಕೂ ಕೂಸನ್ನು ತಾಯಿಯ ಎದೆಗೆ ಬರಿಮೈಗೆ ಬರಿಮೈ ತಾಗುವಂತೆ ಇಟ್ಟು ಬಟ್ಟೆ ಹೊದಿಸಿರಿ. ಮೈ ತಣ್ಣಗಾಗಲು ಬಿಡಬಾರದು. ಚೀಪಲು ಶಕ್ತಿಯಿದ್ದರೆ ಎದೆಹಾಲು ಕೊಡಿರಿ. ಸೆಳೆವು ಬರುತ್ತಿರುವಾಗ ಬಾಯಿಗೆ ಏನನ್ನೂ ಹಾಕಬಾರದು.

ಅಮಾಸೆಬೈಲು, ಹೊಸಂಗಡಿ, ಮಡಾಮಕ್ಕಿ ಕಡೆಯ ಕಾಡಂಚಿನ ಮನೆಗಳವರು ಮೊದಲೇ ಯೋಚಿಸಿಟ್ಟುಕೊಳ್ಳಬೇಕಾದುದು ಒಂದಿದೆ. ಆಟಿಯ ಮಳೆಯಲ್ಲಿ ಹೊಳೆ ತುಂಬಿ ಕಾಲುಸಂಕ ದಾಟಲಾಗದಿದ್ದರೆ ಏನು ಮಾಡುವಿರಿ? ಫೋನಿಗೆ ಸಿಗ್ನಲ್ ಸಿಗುವ ಜಾಗ ಯಾವುದು? ರಾತ್ರಿ ಬರುವ ಜೀಪು ಯಾರದು? ಮಳೆಗಾಲದಲ್ಲಿ ಹೆರಿಗೆಯ ದಿನ ಬರುವುದಾದರೆ, ಕೊನೆಯ ಎರಡು ವಾರವೂ ಬಾಣಂತನದ ಮೊದಲ ತಿಂಗಳೂ ರಸ್ತೆಯ ಬದಿಯ ನೆಂಟರ ಮನೆಯಲ್ಲಿ ಇರುವುದು ಒಳ್ಳೆಯದು.

ಆಸ್ಪತ್ರೆಯಲ್ಲಿ

ಇಲ್ಲಿ ಎರಡು ಕಡೆ ನಮ್ಮವರು ಎಡವುವುದುಂಟು.

ಮೊದಲನೆಯದು, ಬೆನ್ನಿನ ನೀರು ತೆಗೆಯುವ ಪರೀಕ್ಷೆಯ ಹೆದರಿಕೆ. "ಬೆನ್ನಿಗೆ ಸೂಜಿ ಚುಚ್ಚಿದರೆ ಮಗು ಮುಂದೆ ನಡೆಯಲಾರದು" ಎಂದು ಕೆಲವರು ಬೇಡವೆನ್ನುತ್ತಾರೆ. ಇದು ತಪ್ಪು ತಿಳುವಳಿಕೆ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ. ಸೂಜಿ ಹಾಕುವುದು ಅದರ ಕೆಳಗೆ, ದ್ರವ ಇರುವ ಜಾಗಕ್ಕೆ. ತೆಗೆಯುವುದು ಕೆಲವು ಹನಿಗಳಷ್ಟೇ. ಆ ಹನಿಗಳಿಂದಲೇ ರೋಗ ಇದೆಯೋ ಇಲ್ಲವೋ, ಯಾವ ರೋಗಾಣು, ಯಾವ ಔಷಧ ನಾಟುವುದು ಎಂದು ತಿಳಿಯುವುದು. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಿದರೆ ಒಂದು ಬೆಳೆ ಹೋಗಬಹುದು. ಈ ಪರೀಕ್ಷೆ ಮಾಡಿಸದಿದ್ದರೆ ಹೋಗುವುದು ಮಗುವಿನ ಬಾಳು.

ಎರಡನೆಯದು, ನಡುವೆಯೇ ಮನೆಗೆ ಕರೆತರುವುದು. ನಾಲ್ಕು ದಿನದ ಇಂಜೆಕ್ಷನ್ನಿಗೆ ಕೂಸು ಕಣ್ಣು ಬಿಟ್ಟು ಹಾಲು ಕುಡಿಯತೊಡಗುವುದು. ಮನೆಯಲ್ಲಿ ನಟ್ಟಿ ನಿಂತಿದೆ, ದನ ಕರೆಯುವವರಿಲ್ಲ. "ಗುಣವಾಯಿತಲ್ಲ, ಹೋಗೋಣ" ಎನ್ನುತ್ತಾರೆ. ಆದರೆ ಈ ರೋಗದ ಔಷಧವನ್ನು ರೋಗಾಣುವಿಗೆ ತಕ್ಕಂತೆ ಎರಡು ವಾರ, ಈ-ಕೊಲೈ, ಕ್ಲೆಬ್ಸಿಯೆಲ್ಲದಂಥವಾದರೆ ಮೂರು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ದಿನ ರಕ್ತನಾಳದ ಮೂಲಕ ಕೊಡಬೇಕಾಗುತ್ತದೆ. ಅರ್ಧಕ್ಕೆ ಬಿಟ್ಟರೆ ಉಳಿದ ರೋಗಾಣು ಮತ್ತೆ ತಲೆಯೆತ್ತುವುದು. ಆಗ ಮೊದಲಿನ ಔಷಧಕ್ಕೆ ಅದು ಜಗ್ಗದಿರಬಹುದು. ಒಂದೇ ಕೀಟನಾಶಕವನ್ನು ಅರೆಬರೆ ಹೊಡೆದಾಗ ಕೀಟ ಗಟ್ಟಿಯಾಗುವುದನ್ನು ನೀವು ಗದ್ದೆಯಲ್ಲಿ ಕಂಡಿದ್ದೀರಿ.

ಖರ್ಚಿನ ಚಿಂತೆಯವರಿಗೆ ಒಂದು ಮಾತು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ಎಳೆಗೂಸಿಗೆ ಔಷಧ, ಪರೀಕ್ಷೆ, ಹೋಗಿ ಬರುವ ವಾಹನ ಎಲ್ಲವೂ ಉಚಿತ. ಇನ್ನು ನಟ್ಟಿಯ ಮಾತು. ನೆರೆಮನೆಯವರೆ, ಒಂದು ಮನೆಯ ಕೂಸು ಆಸ್ಪತ್ರೆಯಲ್ಲಿದ್ದರೆ ಆ ಮನೆಯ ನಟ್ಟಿಯನ್ನು ಊರವರು ಸೇರಿ ಮುಗಿಸಿಕೊಡುವುದು ಕಷ್ಟವಲ್ಲ. ನಾಲ್ಕು ಆಳಿನ ಎರಡು ದಿನದ ದುಡಿಮೆ ಒಂದು ಮಗುವಿನ ಮಿದುಳನ್ನು ಉಳಿಸಬಹುದು. ಯುವಕ ಸಂಘ, ಮಹಿಳಾ ಸಂಘಗಳು ಇದನ್ನು ತಮ್ಮ ಕೆಲಸವೆಂದು ತಿಳಿಯಬೇಕು.

ಮನೆಗೆ ಬಂದ ಮೇಲೆ

ಔಷಧ ಮುಗಿದರೂ ಕೆಲಸ ಮುಗಿಯಲಿಲ್ಲ. ಊನವನ್ನು ಬೇಗ ಗುರುತಿಸಿದರೆ ತರಬೇತಿಯಿಂದ ಬಹಳಷ್ಟು ಸರಿಪಡಿಸಬಹುದು.

- ಆಸ್ಪತ್ರೆಯಿಂದ ಬಂದ ನಾಲ್ಕಾರು ವಾರಗಳೊಳಗೆ ಕಿವಿ ಪರೀಕ್ಷೆ ಮಾಡಿಸಿರಿ. ಕೇಳಿಸದ ಮಗು ಮಾತು ಕಲಿಯಲಾರದು. ಮಾತು ಬಾರದೆ ಇದ್ದಾಗ ನೋಡೋಣವೆಂದು ಎರಡು ವರ್ಷ ಕಾಯಬಾರದು.
- ತಲೆಯ ಸುತ್ತಳತೆಯನ್ನು ಪ್ರತಿ ಭೇಟಿಯಲ್ಲೂ ಅಳೆಸಿರಿ. ದಿನ ತುಂಬಿದ ಕೂಸಿನ ತಲೆ ಹುಟ್ಟುವಾಗ ಸುಮಾರು 33ರಿಂದ 35 ಸೆಂಟಿಮೀಟರ್. ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂಟಿಮೀಟರ್ ಬೆಳೆಯುವುದು. ಅದಕ್ಕಿಂತ ವೇಗವಾಗಿ ಬೆಳೆದರೆ ಒಳಗೆ ನೀರು ತುಂಬುತ್ತಿರಬಹುದು. ಬೆಳೆಯದೆ ನಿಂತರೂ ತೋರಿಸಬೇಕು.
- ಎರಡು ತಿಂಗಳಿಗೆ ಮುಖ ನೋಡಿ ನಗುವುದೇ? ನಾಲ್ಕು ತಿಂಗಳಿಗೆ ಕುತ್ತಿಗೆ ನಿಂತಿತೇ? ಎಂಟು ತಿಂಗಳಿಗೆ ಆಸರೆಯಿಲ್ಲದೆ ಕೂತಿತೇ? ಇಲ್ಲವಾದರೆ ಆಶಾ ಕಾರ್ಯಕರ್ತೆಗೆ ಹೇಳಿರಿ.
- ಆರು ವಾರದಿಂದ ಕೊಡುವ ಲಸಿಕೆಗಳನ್ನು ವೈದ್ಯರನ್ನು ಕೇಳಿ ತಪ್ಪದೆ ಹಾಕಿಸಿರಿ. ಅವುಗಳಲ್ಲಿ ಎರಡು, ಮುಂದಿನ ತಿಂಗಳುಗಳಲ್ಲಿ ಇದೇ ಪೊರೆಯ ರೋಗ ತರುವ ಬೇರೆ ರೋಗಾಣುಗಳನ್ನು ತಡೆಯುವಂಥವು.

ಊನ ಉಳಿದ ಮಗುವಿನ ತಾಯಿಯನ್ನು ಯಾರೂ ದೂರಬಾರದು. ಇದು ನಾಗದೋಷವೂ ಅಲ್ಲ, ಹೆತ್ತವಳ ಪಾಪವೂ ಅಲ್ಲ, ರೋಗಾಣುವಿನ ಕೆಲಸ.

ಬಾರದಂತೆ ತಡೆಯುವುದು

ಬಸುರಿಯರನ್ನು ಪ್ರತಿ ತಿಂಗಳ 9ನೆಯ ತಾರೀಕಿನ ತಪಾಸಣೆಗೆ ಕಳುಹಿಸಿರಿ. ಮೂತ್ರ ಪರೀಕ್ಷೆ ಮಾಡಿಸಿರಿ. ನೆತ್ತಿನೀರು ಒಡೆದೊಡನೆ, ನೋವು ಬಾರದಿದ್ದರೂ, ಆಸ್ಪತ್ರೆಗೆ ಹೊರಡಿರಿ. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿರಿ. ಕರುವಿಗೆ ಗಿಣ್ಣು ತಪ್ಪಿಸದ ನಾವು ಕೂಸಿಗೆ ತಪ್ಪಿಸುವುದು ಸರಿಯೇ? ಆರು ತಿಂಗಳು ಎದೆಹಾಲು ಮಾತ್ರ. ಹೊಕ್ಕುಳಿಗೆ ಏನನ್ನೂ ಹಚ್ಚದೆ ಒಣಗಲು ಬಿಡಿರಿ. ಕೂಸನ್ನು ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ನೇಪಾಳದ ಹಳ್ಳಿಗಳಲ್ಲಿ ಸೂಲಗಿತ್ತಿಯೂ ತಾಯಿಯೂ ಕೈ ತೊಳೆದುಕೊಳ್ಳುತ್ತಿದ್ದ ಮನೆಗಳಲ್ಲಿ ಎಳೆಗೂಸುಗಳ ಸಾವು ಶೇಕಡ 41ರಷ್ಟು ಕಡಿಮೆಯಿದ್ದುದು 2008ರಲ್ಲಿ ಪ್ರಕಟವಾದ ಅಭ್ಯಾಸದಲ್ಲಿ ಕಂಡುಬಂದಿದೆ.

ತೂಕ ಕಡಿಮೆಯ ಕೂಸನ್ನು ತಾಯಿಯ ಎದೆಗೆ ಬರಿಮೈಗೆ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯಿಂದ ಸೋಂಕು ಕಡಿಮೆಯಾಗುವುದು. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಆರೋಗ್ಯ ಇಲಾಖೆಯವರೂ ಸೇರಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ನಡೆಸಿ ತೋರಿಸಿದ್ದಾರೆ. ತಾಯಿ ದಣಿದಾಗ ತಂದೆಯೂ ಎದೆಗೆ ಕಟ್ಟಿಕೊಳ್ಳಬಹುದು, ಇದರಲ್ಲಿ ನಾಚಿಕೆಯೇನಿಲ್ಲ.

ಹಳ್ಳಿಯವರಿಂದ ಇದು ಆಗುವ ಕೆಲಸವೇ ಎಂದು ಸಂಶಯಪಡುವವರಿಗೆ ಗಡಚಿರೋಲಿಯ ಮಾತು ಹೇಳುತ್ತೇನೆ. ಮಹಾರಾಷ್ಟ್ರದ ಆ ಕಾಡುಜಿಲ್ಲೆಯ 39 ಹಳ್ಳಿಗಳಲ್ಲಿ ಡಾಕ್ಟರ್ ಅಭಯ್ ಬಂಗ್ ಮತ್ತು ಡಾಕ್ಟರ್ ರಾಣಿ ಬಂಗ್ ದಂಪತಿಗಳು ಊರ ಹೆಂಗಸರಿಗೇ ತರಬೇತಿ ಕೊಟ್ಟು, ಮನೆಮನೆಗೆ ಹೋಗಿ ಎಳೆಗೂಸನ್ನು ನೋಡಿ, ನಂಜಿನ ಚಿಹ್ನೆಯನ್ನು ಮೊದಲೇ ಗುರುತಿಸುವಂತೆ ಮಾಡಿದರು. ಮೂರನೆಯ ವರ್ಷಕ್ಕೆ ಎಳೆಗೂಸುಗಳ ಸಾವು ಶೇಕಡ 62ರಷ್ಟು ತಗ್ಗಿದುದು 1999ರಲ್ಲಿ ಪ್ರಕಟವಾಯಿತು. ಆಶಾ ಕಾರ್ಯಕರ್ತೆ ಇಂದು ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಬರುವ ಪದ್ಧತಿ ಆ ಅನುಭವದಿಂದ ಬೆಳೆದದ್ದು. ಅವಳು ಬಂದಾಗ ಕೂಸು ಮಲಗಿದೆಯೆಂದು ಹಿಂದೆ ಕಳುಹಿಸಬೇಡಿರಿ; ಎತ್ತಿ ತೋರಿಸಿರಿ.

ಪಾಠದ ಪ್ರಶ್ನೆಗಳು

ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಕೂತು ಉತ್ತರ ಹೇಳಿರಿ.

1. ಕಾಯಿಲೆಯ ಎಳೆಗೂಸಿನ ಮೈ ತಣ್ಣಗಿರಬಹುದೇ?
2. ಸೆಳೆವಿನ ಯಾವುದಾದರೂ ಮೂರು ರೂಪಗಳನ್ನು ಹೇಳಿರಿ.
3. ಬೆನ್ನಿನ ನೀರಿನ ಪರೀಕ್ಷೆ ಏತಕ್ಕೆ ಬೇಕು?
4. ಕೂಸು ಚೇತರಿಸಿಕೊಂಡರೂ ಔಷಧವನ್ನು ಪೂರ್ತಿ ಕೊಡಿಸಬೇಕು, ಏಕೆ?
5. ನಮ್ಮ ಮನೆಯಿಂದ ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗುವ ದಾರಿ ಮತ್ತು ವಾಹನ ಯಾವುದು?

ಮೊದಲ ನಾಲ್ಕರ ಉತ್ತರ ಈ ಪಾಠದಲ್ಲಿದೆ. ಐದನೆಯದರ ಉತ್ತರವನ್ನು ನೀವೇ ಒಂದು ಕಾಗದದ ಮೇಲೆ ಬರೆದು, ಫೋನ್ ನಂಬರುಗಳ ಸಹಿತ ಬಾಗಿಲಿನ ಹಿಂದೆ ಅಂಟಿಸಿರಿ.